ಹಬೆ ಪಾತ್ರೆ ಕೆಳಗಿಡು ಪುಟ್ಟಿ, ಮೊದಲು ಇದನ್ನ ಕೇಳು

ಪುಟ್ಟಿ, ದೊಡ್ಡಮ್ಮ ಮಾತಾಡ್ತಿರೋದು. ಟೈಪ್ ಮಾಡೋಕೆ ಕೂತ್ರೆ ಬೆಳಗಾಗತ್ತೆ, ಅದಕ್ಕೆ ಮಾತಲ್ಲೇ ಹೇಳ್ತಿದೀನಿ. ಉದ್ದ ಆಯ್ತು ಅಂತ ಅರ್ಧಕ್ಕೆ ನಿಲ್ಲಿಸಬೇಡ. ಗ್ರೂಪಲ್ಲಿ ನೀನು ಹಾಕಿದ್ದು ಈಗ ನೋಡ್ದೆ. ದೊಡ್ಡವನಿಗೆ ನಾಲ್ಕು ವರ್ಷ, ಎರಡು ದಿನದಿಂದ ಮೂಗು ಕಟ್ಟಿದೆ, ರಾತ್ರಿಯೆಲ್ಲ ಕೆಮ್ಮು, ಮೈ ಬೆಚ್ಚಗಿದೆ. ಚಿಕ್ಕದಕ್ಕೆ ಎಂಟು ತಿಂಗಳು, ಅದಕ್ಕೂ ಇವತ್ತಿಂದ ಮೂಗು ಸೋರ್ತಿದೆ. ಇಬ್ಬರಿಗೂ ಹಬೆ ಹಿಡಿಸಲಾ, ಜೇನು ನೆಕ್ಕಿಸಲಾ, ಮನೆಮದ್ದಲ್ಲೇ ವಾಸಿ ಆಗತ್ತಾ ಅಂತ ಕೇಳಿದೀಯ. ಹತ್ತು ನಿಮಿಷದಲ್ಲಿ ಏಳು ಜನ ಉತ್ತರ ಕೊಟ್ಟಿದಾರೆ. ಅದರಲ್ಲಿ ನಾಲ್ಕು ಜನ ಹಬೆ ಕೊಡು ಅಂದಿದಾರೆ. ಅದನ್ನ ನೋಡಿ ನನಗೆ ಕೂತಲ್ಲಿ ಕೂರೋಕಾಗಲಿಲ್ಲ.

ನಮ್ಮ ದೊಡ್ಡಕ್ಕನ ಎರಡನೆಯವನ ತೊಡೆ ನೀವೆಲ್ಲ ನೋಡಿದೀರಿ. ಅವನು ಇವತ್ತಿಗೂ ಯಾಕೆ ಚಡ್ಡಿ ಹಾಕಲ್ಲ ಅಂತಲೂ ಗೊತ್ತು. ಆದರೆ ಅದು ಹೇಗಾಯ್ತು ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ, ಸ್ಟೌ ಮೇಲಿಂದ ಬಿತ್ತು ಅಂದುಕೊಂಡಿದೀರಿ. ಸ್ಟೌ ಅಲ್ಲ. ಸ್ಟೂಲು. ಸ್ಟೂಲಿನ ಮೇಲೆ ಪಾತ್ರೆ ಇಟ್ಟವಳು ನಾನೇ. ಆಗಷ್ಟೇ ನರ್ಸ್ ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು ನನಗೆ. ಅವನಿಗೆ ಐದು ವರ್ಷ, ಇದೇ ಥರ ಮೂಗು ಕಟ್ಟಿತ್ತು. ತಲೆ ಮೇಲೆ ಟವೆಲ್ ಹೊದಿಸಿ ಬಗ್ಗು ಅಂದೆ. ಟವೆಲ್ ಒಳಗೆ ಮಗುವಿಗೆ ಏನೂ ಕಾಣಲ್ಲ. ಬಿಸಿ ಮುಖಕ್ಕೆ ರಾಚಿದ ತಕ್ಷಣ ಹಿಂದಕ್ಕೆ ಜಗ್ಗತ್ತೆ, ಮೊಣಕಾಲು ಸ್ಟೂಲಿಗೆ ತಗುಲತ್ತೆ, ಪಾತ್ರೆ ಮಗ್ಗುಲಾಗತ್ತೆ. ನೀರು ಹೋಗೋದು ಎಲ್ಲಿಗೆ? ಮಡಿಲಿಗೆ. ಹೊಟ್ಟೆ, ತೊಡೆ, ಕಾಲ ಸಂದಿ. ಆಮೇಲೆ ವಾರ್ಡಲ್ಲಿ ಹಬೆಯಿಂದ ಸುಟ್ಟ ಮಕ್ಕಳನ್ನ ಎಷ್ಟು ನೋಡಿದೆನೋ, ಗಾಯ ಹೆಚ್ಚಾಗಿ ಇರ್ತಿದ್ದದ್ದು ಅಲ್ಲೇ. ಮೇಲೆ ಹತ್ತಿಬಟ್ಟೆ ಬೇರೆ, ಅದು ಬಿಸಿನೀರನ್ನ ಹೀರಿ ಮೈಗೆ ಅಂಟಿಸಿಕೊಂಡು ಸುಡ್ತಾನೇ ಇರತ್ತೆ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡಲ್ಲಿ ಆಳವಾಗಿ ಸುಡತ್ತೆ. ಮಕ್ಕಳ ಚರ್ಮ ತೆಳು, ಅದಕ್ಕಿಂತ ಬೇಗ. ಒಲೆಯಿಂದ ಈಗಷ್ಟೇ ಇಳಿಸಿದ ನೀರು 60 ಅಲ್ಲ, 90ರ ಮೇಲಿರತ್ತೆ.

ಅಲ್ಲಿಗೆ ಮುಗೀಲಿಲ್ಲ. ಒಬ್ಬರು ಓಡಿಬಂದು ಟೂತ್‌ಪೇಸ್ಟ್ ಮೆತ್ತಿದರು, ಇನ್ನೊಬ್ಬರು ಐಸ್ ಒತ್ತಿದರು. ಪೇಸ್ಟ್ ಮೆತ್ತಿದರೆ ಬಿಸಿ ಒಳಗೇ ಕೂರತ್ತೆ, ಆಮೇಲೆ ಡಾಕ್ಟರು ಅದನ್ನ ಕೆರೆದು ತೆಗೀಬೇಕು. ಐಸ್ ಒತ್ತಿದರೆ ಸುಟ್ಟ ಚರ್ಮಕ್ಕೆ ರಕ್ತ ಬರೋದು ಕಡಿಮೆಯಾಗಿ ಗಾಯ ಇನ್ನೂ ಆಳಕ್ಕೆ ಇಳಿಯತ್ತೆ. ಮಾಡಬೇಕಿದ್ದದ್ದು ಒಂದೇ. ಬಟ್ಟೆ ಬಿಚ್ಚಿ ನಲ್ಲಿಯ ತಣ್ಣೀರನ್ನ 20 ನಿಮಿಷ ಬಿಡೋದು, ಗಡಿಯಾರ ನೋಡಿಕೊಂಡು. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಅಷ್ಟನ್ನ ಮಾತ್ರ ಕೀಳಬಾರದು. ಸುಟ್ಟು ಹೊತ್ತಾಗಿದ್ದರೂ ಮೂರು ಗಂಟೆಯೊಳಗೆ ನೀರು ಬಿಟ್ಟರೆ ಪ್ರಯೋಜನ ಇದೆ. ಮಿಕ್ಕ ಮೈ ಬೆಚ್ಚಗೆ ಹೊದಿಸಿ, ಗಾಯದ ಮೇಲೆ ಶುಭ್ರವಾದ ತೆಳು ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹಾಕಿ ಆಸ್ಪತ್ರೆಗೆ ಹೊರಡಬೇಕು. ಇದೆಲ್ಲ ಆವತ್ತು ನನಗೆ ಗೊತ್ತಿತ್ತು, ಆದರೂ ಕೈ ಆಡಲಿಲ್ಲ.

ಹಬೆಯಿಂದ ಸಿಗೋದಾದರೂ ಏನು ಪುಟ್ಟಿ? ಶೀತದ ವೈರಸ್ ಮೂಗಿನ ಒಳಪದರದ ಜೀವಕೋಶಗಳ ಒಳಗೆ ಕೂತಿರತ್ತೆ, ಹಬೆ ಅದನ್ನ ಸಾಯಿಸಲ್ಲ. ಗಟ್ಟಿ ಸಿಂಬಳ ಒಂದಷ್ಟು ಹೊತ್ತು ಸಡಿಲ ಆಗತ್ತೆ, ಅಷ್ಟೇ. ಅಷ್ಟಕ್ಕಾಗಿ ಕುದಿಯೋ ನೀರಿನ ಪಾತ್ರೆ ಮಗುವಿನ ಹತ್ತಿರ ತರಬೇಡ. ಅದರೊಳಗೆ ನೀಲಗಿರಿ ಎಣ್ಣೆ, ಕರ್ಪೂರ ಹಾಕು ಅಂದಿದಾರಲ್ಲ ಯಾರೋ, ಅದು ಇನ್ನೂ ಕೆಟ್ಟದ್ದು. ಆ ಶೀಶೆ ಮಗುವಿನ ಕೈಗೆ ಸಿಕ್ಕಿ ಒಂದು ಚಮಚದಷ್ಟು ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಕರ್ಪೂರ ಇರೋ ಮುಲಾಮು ಎರಡು ವರ್ಷದೊಳಗಿನ ಮಗುವಿಗೆ ಹಚ್ಚಲೇಬಾರದು. ದೊಡ್ಡವನಿಗೂ ಮೂಗಿನ ಹೊಳ್ಳೆ ಒಳಗೆ ಸವರಬಾರದು.

ಇನ್ನೊಂದು ಮಾತು ಹೇಳಿಬಿಡ್ತೀನಿ, ಬೇಜಾರಾದರೆ ಆಗಲಿ. ಬೆಳ್ಳುಳ್ಳಿ ಜಜ್ಜಿ ಮಗುವಿನ ಪಾದಕ್ಕೆ ಕಟ್ಟಿ ಅಂತ ಹೋದ ತಿಂಗಳು ಈ ಗ್ರೂಪಿಗೆ ಬಂತು, ಎಲ್ಲರೂ ಹೃದಯ ಒತ್ತಿದಿರಿ. ಹಸಿ ಬೆಳ್ಳುಳ್ಳಿ ಚರ್ಮದ ಮೇಲೆ ಗಂಟೆಗಟ್ಟಲೆ ಕೂತರೆ ಬೊಬ್ಬೆ ಏಳತ್ತೆ, ಆಸಿಡ್ ಬಿದ್ದ ಹಾಗೆ ಸುಡತ್ತೆ. ಹಾಗಂತ ನಾನು ಬರೆದೆ. ಒಬ್ಬರೂ ಮಾತಾಡಲಿಲ್ಲ. ಮೂವತ್ತು ವರ್ಷ ವಾರ್ಡಲ್ಲಿ ನಿಂತವಳ ಮಾತಿಗಿಂತ ಯಾರು ಬರೆದರೋ ಗೊತ್ತಿಲ್ಲದ ಮೆಸೇಜ್ ಮೇಲೆ ನಿಮಗೆ ನಂಬಿಕೆ. ಅವುಗಳಲ್ಲಿ ಒಂದರಲ್ಲಾದರೂ ಅಳತೆ ಇರತ್ತಾ? ಸ್ವಲ್ಪ, ಚಿಟಿಕೆ, ಒಂದು ಚಮಚ ಅಂತಿರತ್ತೆ. ಯಾವ ಚಮಚ? ಟೀ ಚಮಚ ಅಂದರೆ 5 ಎಂಎಲ್, ಊಟದ ಚಮಚ ಅದರ ಮೂರರಷ್ಟು. ಬೇಧಿ ಆದಾಗ ಉಪ್ಪು ಸಕ್ಕರೆ ನೀರು ಕೊಡಿ ಅಂತ ಅಣ್ಣ ಕಳಿಸಿದ್ದ. ಒಳ್ಳೇದೇ, ಆದರೆ ಎಷ್ಟು? ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಮಟ್ಟವಾಗಿ ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡ ಇರಬಾರದು, ಚಾಕುವಿನ ಬೆನ್ನಿಂದ ಸವರಿ ತೆಗೀಬೇಕು. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿನ ಮಿದುಳಿಗೇ ಅಪಾಯ. ಸಕ್ಕರೆ ಹೆಚ್ಚಾದರೆ ಅದು ಕರುಳಿಗೆ ನೀರೆಳೆದು ಬೇಧಿ ಜಾಸ್ತಿ ಆಗತ್ತೆ. ಓಆರ್‌ಎಸ್ ಪೊಟ್ಟಣ ಸಿಗೋ ಹಾಗಿದ್ದರೆ ಅದೇ ಒಳ್ಳೇದು, ಪೊಟ್ಟಣದ ಮೇಲೆ ಎಷ್ಟು ನೀರು ಅಂತಿದೆಯೋ ಅಷ್ಟಕ್ಕೇ ಪೂರ್ತಿ ಪೊಟ್ಟಣ. ಅರ್ಧರ್ಧ ಮಾಡೋದು ಬೇಡ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಾಬಿಸ್ ಇಂಥ ನೀರನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜನರ ಜೀವ ಉಳಿಸಿದರು. ಅವರು ಕೊಟ್ಟಿದ್ದೂ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾನೇ. ಆದರೆ ತೂಕ ಮಾಡಿ ಪೊಟ್ಟಣ ಕಟ್ಟಿಸಿದ್ದರು. ಇದನ್ನ ನಾನು ಎಷ್ಟು ಸಲ ಹೇಳಿದೀನಿ? "ದೊಡ್ಡಮ್ಮಂದು ಯಾವಾಗಲೂ ಇದೇ" ಅಂತ ನನ್ನೆದುರೇ ಅಂದಿದೀರಿ. ನನಗೆ ನೋವಾಗಿದೆ ಅದು.

ಇರಲಿ. ಮತ್ತೆ ಹೇಳ್ತೀನಿ, ಇನ್ನೊಂದು ಸಲ ಕೇಳಿಸಿಕೋ. ಬಿಸಿನೀರಿನ ಪಾತ್ರೆ ಆ ಮಕ್ಕಳ ಹತ್ತಿರ ಬೇಡ. ನೆಲದ ಮೇಲೂ ಬೇಡ, ಮಂಚದ ಮೇಲೂ ಬೇಡ, ನೀನು ಕೈಯಲ್ಲಿ ಹಿಡಿದುಕೊಂಡರೂ ಬೇಡ.

ಅಯ್ಯೋ, ನೀನು ಕೇಳಿದ್ದು ಈ ರಾತ್ರಿ ಏನು ಮಾಡಲಿ ಅಂತ. ಅದನ್ನೇ ಬಿಟ್ಟೆ ನೋಡು.

ಮೊದಲು ಜೇನು. ಚಿಕ್ಕದಕ್ಕೆ ಒಂದು ತೊಟ್ಟೂ ಬೇಡ, ಬೆರಳಿಗೆ ಅದ್ದಿ ಮುಟ್ಟಿಸೋದೂ ಬೇಡ, ಒಂದು ವರ್ಷ ತುಂಬೋವರೆಗೂ. ಜೇನಲ್ಲಿ ಬಾಟುಲಿಸಂ, ಅಂದರೆ ಸ್ನಾಯುಗಳ ಶಕ್ತಿ ಕುಂದಿಸೋ ಕಾಯಿಲೆ, ಅದನ್ನ ತರೋ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ನಮ್ಮ ಕರುಳಲ್ಲಿ ಅವು ಮೊಳೆಯಲ್ಲ, ಹಸುಗೂಸಿನ ಕರುಳಲ್ಲಿ ಮೊಳೆತು ವಿಷ ಬಿಡತ್ತೆ. ಕುದಿಸಿದರೂ ಆ ಬೀಜಕ ಸಾಯಲ್ಲ, ಶುದ್ಧ ಜೇನು ಅಂದರೂ ಅಷ್ಟೇ. ಯಾರಾದರೂ ಆಗಲೇ ನೆಕ್ಕಿಸಿದ್ದರೆ ಮುಚ್ಚಿಡಬೇಡ, ನನಗೆ ಹೇಳು. ಮಲಬದ್ಧತೆ, ಸಣ್ಣ ಅಳು, ಹಾಲು ಚೀಪೋಕೆ ಸೋಲೋದು, ರೆಪ್ಪೆ ಜೋಲೋದು, ಕತ್ತು ನಿಲ್ಲದೇ ಇರೋದು, ಇದರಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆ. ದೊಡ್ಡವನಿಗೆ ಕೊಡಬಹುದು. ಮಲಗೋ ಅರ್ಧ ಗಂಟೆ ಮುಂಚೆ ಅರ್ಧದಿಂದ ಒಂದು ಟೀ ಚಮಚ, ಹಾಗೇ ನೆಕ್ಕಲಿ, ಆಮೇಲೆ ಹಲ್ಲುಜ್ಜಿಸು. ರಾತ್ರಿ ಕೆಮ್ಮು ತಗ್ಗೋಕೆ ಇದರಷ್ಟು ಸುಲಭದ್ದು ಇಲ್ಲ. ಉಪ್ಪುನೀರು ಮುಕ್ಕಳಿಸೋದು ಅವನಿಗೆ ಈಗಲೇ ಬೇಡ, ನುಂಗಿಬಿಡ್ತಾನೆ. ಆರು ವರ್ಷ ಆಗಲಿ.

ಮೂಗಿಗೆ ಇಬ್ಬರಿಗೂ ಉಪ್ಪುನೀರಿನ ಹನಿ. ಔಷಧಿ ಅಂಗಡಿಯಲ್ಲಿ ಸಲೈನ್ ಡ್ರಾಪ್ಸ್ ಸಿಕ್ಕರೆ ತಂದುಬಿಡು. ಈಗ ಇಲ್ಲ ಅಂದರೆ ಅರ್ಧ ಲೀಟರ್ ನೀರು ಚೆನ್ನಾಗಿ ಮರಳೋಕೆ ಬಂದ ಮೇಲೆ ಇನ್ನೊಂದು ನಿಮಿಷ ಕುದಿಸಿ, ಮುಚ್ಚಿ, ಪೂರ್ತಿ ಆರಿಸು. ಮಟ್ಟವಾಗಿ ಮುಕ್ಕಾಲು ಟೀ ಚಮಚ ಪುಡಿ ಉಪ್ಪು ಹಾಕಿ ಕರಗಿಸು. ಉಪ್ಪು ಕಡಿಮೆಯಾದರೂ ಉರಿಯತ್ತೆ, ಹೆಚ್ಚಾದರೂ ಉರಿಯತ್ತೆ, ಈ ಅಳತೆ ನಮ್ಮ ರಕ್ತದ ಉಪ್ಪಿಗೆ ಹತ್ತಿರ. ಕುದಿಸದ ನಲ್ಲಿ ನೀರು ಮೂಗಿಗೆ ಯಾವತ್ತೂ ಬೇಡ, ಅದರಲ್ಲಿ ಅಮೀಬಾ ಇದ್ದರೆ ಮೂಗಿನ ದಾರಿಯಲ್ಲಿ ಮಿದುಳಿಗೇ ಹೋಗತ್ತೆ. ಮಗುವನ್ನ ಅಂಗಾತ ಮಲಗಿಸಿ ಒಂದೊಂದು ಹೊಳ್ಳೆಗೆ ಎರಡು ಮೂರು ಹನಿ ಬಿಡು, ಒಂದು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಿಂದ ಒರೆಸು. ಚಿಕ್ಕದಕ್ಕೆ ಹಾಲು ಕುಡಿಸೋ ಹತ್ತು ನಿಮಿಷ ಮುಂಚೆ, ಆಗ ಮೂಗು ಬಿಟ್ಟು ಚೆನ್ನಾಗಿ ಚೀಪತ್ತೆ. ಇಬ್ಬರಿಗೂ ಬೇರೆ ಬೇರೆ ಡ್ರಾಪರ್. 24 ಗಂಟೆ ಆದ ಮೇಲೆ ಉಳಿದ ನೀರು ಚೆಲ್ಲು.

ಜ್ವರಕ್ಕೆ ಮಗು ನಲುಗ್ತಿದ್ದರೆ ಮಾತ್ರ ಪ್ಯಾರಾಸಿಟಮಾಲ್. ಮನೆಮದ್ದೇ ಬೇಕು ಅಂತ ಹಟ ಬೇಡ. ತೂಕದ ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಬಾಟಲಿಯಿಂದ ಬಾಟಲಿಗೆ ಔಷಧಿಯ ಪ್ರಮಾಣ ಬೇರೆ ಇರತ್ತೆ, 5 ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಅಂತ ಓದಿ ನನಗೆ ಫೋಟೋ ಕಳಿಸು, ಲೆಕ್ಕ ಹಾಕಿ ಹೇಳ್ತೀನಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಮನೇಲಿ ಉಳಿದಿರೋ ಆ್ಯಂಟಿಬಯಾಟಿಕ್ಕೂ ಬೇಡ, ವೈರಸ್ ಮೇಲೆ ಅದು ನಡೆಯಲ್ಲ. ಶೀತ ಏಳರಿಂದ ಹತ್ತು ದಿನ ಇರತ್ತೆ, ಕೆಮ್ಮು ಮೂರು ವಾರ ಎಳೆದರೂ ಗಾಬರಿ ಇಲ್ಲ. ನೀನು ಸಿಂಬಳ ಒರೆಸಿದ ಪ್ರತಿ ಸಲ 20 ಸೆಕೆಂಡ್ ಸೋಪಲ್ಲಿ ಕೈ ತೊಳಿ, ಒಬ್ಬರ ಟವೆಲ್ ಇನ್ನೊಬ್ಬರಿಗೆ ಬೇಡ. ಹಾಲು ಕುಡಿಸೋದು ನಿಲ್ಲಿಸಬೇಡ.

ಈಗ ಒಂದು ಕೆಲಸ ಮಾಡು. ಇಬ್ಬರೂ ನಿದ್ದೆಯಲ್ಲಿರುವಾಗ ಅಂಗಿ ಎತ್ತಿ ಹೊಟ್ಟೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡ, ಮಕ್ಕಳ ಉಸಿರು ಒಂದೇ ಸಮ ಇರಲ್ಲ. ಚಿಕ್ಕದಕ್ಕೆ 50 ಮುಟ್ಟಿದರೆ, ದೊಡ್ಡವನಿಗೆ 40 ಮುಟ್ಟಿದರೆ, ಇನ್ನೊಂದು ಸಲ ಎಣಿಸಿದರೂ ಅಷ್ಟೇ ಬಂದರೆ, ಈಗಲೇ ಡಾಕ್ಟರ ಹತ್ತಿರ ಹೋಗಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಿದ್ದರೆ, ತುಟಿ ನೀಲಿಯಾದರೆ, ಕುಡಿಯೋದೇ ಬಿಟ್ಟರೆ, ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದಿದ್ದರೆ, ಎಣಿಸ್ತಾ ಕೂರಬೇಡ, ಹೊರಟುಬಿಡು. ಎಣಿಸಿದ ಎರಡೂ ನಂಬರ್ ಇಲ್ಲಿ ಹಾಕು ಪುಟ್ಟಿ, ನಾನು ಎದ್ದೇ ಇರ್ತೀನಿ.