ಮದ್ದಿನ ಪಟ: ಮನೆ ಗುಂಪಿನಲ್ಲಿ ಒಂದು ಸಂಜೆ

ಪೆರ್ಲ ಮಾವ: (ಪಟ) ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದು ಮಾಡುವ ಕ್ರಮ. ತುಂಬಾ ಚೆಂದ ಮಾಡಿದ್ದಾರೆ. ಎಲ್ಲರೂ ಪ್ರಿಂಟ್ ತೆಗೆದು ಪಂಪ್ ಶೆಡ್ಡಿನಲ್ಲಿ ಅಂಟಿಸಿ.

ಬದಿಯಡ್ಕ ಅಕ್ಕ: ಮಾವ, ದಯವಿಟ್ಟು ಅಂಟಿಸಬೇಡಿ. ಆ ದುಂಡು ಚಿತ್ರ ನೋಡಿ. ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ, ನೀರು ಮೂರಕ್ಕೂ ಸಮ ಪಾಲು ಕೊಟ್ಟಿದ್ದಾರೆ. ನಾವು ಹಾಕುವುದು 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು.

ಪೆರ್ಲ ಮಾವ: ಅಳತೆ ಅಡಿಯಲ್ಲಿ ಬರೆದಿದೆಯಲ್ಲ ಮಗಳೇ. ಓದಿದರೆ ಆಯ್ತು.

ಬದಿಯಡ್ಕ ಅಕ್ಕ: ಓದುವುದು ಯಾರು? ನಮ್ಮಲ್ಲಿ ಮದ್ದು ಕಲಸುವವರಿಗೆ ಮಲಯಾಳ ಮಾತ್ರ ಓದಲು ಬರುತ್ತದೆ. ಹೋದ ವರ್ಷ ಬಂದವರಿಗೆ ಅದೂ ಇಲ್ಲ. ಅವರು ನೋಡುವುದು ಚಿತ್ರ ಮಾತ್ರ. ಆ ಚಿತ್ರವೇ ಸುಳ್ಳು ಹೇಳಿದರೆ?

ಬೆಂಗಳೂರು ತಮ್ಮ: ಅಕ್ಕ, ಕಣ್ಣು ಸೆಳೆಯದಿದ್ರೆ ಯಾರೂ ನಿಂತು ನೋಡುವುದಿಲ್ಲ. ಯುದ್ಧದಲ್ಲಿ ಸೈನಿಕರ ಆರೈಕೆ ಮಾಡಿದ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಹೂವಿನ ಹಾಗೆ ಚಿತ್ರ ಮಾಡಿದ್ದು ಅದಕ್ಕೇ ಅಲ್ವಾ?

ಬದಿಯಡ್ಕ ಅಕ್ಕ: ಅದನ್ನೇ ಸರಿಯಾಗಿ ನೋಡು. ಕ್ರಿಮಿಯಾ ಯುದ್ಧದ ಒಂದೊಂದು ತಿಂಗಳಿಗೆ ಒಂದೊಂದು ಎಸಳು. ತಡೆಯಬಹುದಾಗಿದ್ದ ಕಾಯಿಲೆಯಿಂದ ಸತ್ತವರು ನೀಲಿ, ಗಾಯದಿಂದ ಸತ್ತವರು ಕೆಂಪು, ಉಳಿದವರು ಕಪ್ಪು. ಸಾವಿನ ಪ್ರಮಾಣ ಎಷ್ಟೋ ಅಷ್ಟೇ ಜಾಗ. ನೀಲಿ ಎಷ್ಟು ಹರಡಿದೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ, ಗಾಯಕ್ಕಿಂತ ಕಾಯಿಲೆಯೇ ಜಾಸ್ತಿ ಜನರನ್ನು ಕೊಂದಿತು ಅಂತ. ಚೆಂದವೂ ಇದೆ, ಲೆಕ್ಕವೂ ತಪ್ಪಿಲ್ಲ.

ಪುತ್ತಿಗೆ ಭಾವ: ನನ್ನ ತಕರಾರು ಬೇರೆ. ಎರಡು ಡ್ರಮ್ಮಿನ ನಡುವೆ ಎರಡೂ ಕಡೆಗೆ ಮೊನೆ ಇರುವ ಬಾಣ ಹಾಕಿದ್ದಾರೆ. ಯಾವುದನ್ನು ಯಾವುದಕ್ಕೆ ಹೊಯ್ಯುವುದು? ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ದು ಕಲಕಬೇಕು. ನಾನೊಮ್ಮೆ ಉಲ್ಟಾ ಹೊಯ್ದಿದ್ದೆ. ಮದ್ದು ತರಿತರಿಯಾಗಿ ಸ್ಪ್ರೇಯರಿನ ಬಾಯಿ ಕಟ್ಟಿತು. ಮರದ ಮೇಲಿದ್ದವರು ಇಳಿಯಬೇಕಾಯಿತು.

ಪೆರ್ಲ ಮಾವ: ತಪ್ಪು ಹೇಳುವುದು ಸುಲಭ. ಹೇಗೆ ಮಾಡಬೇಕಿತ್ತು, ಅದನ್ನು ಹೇಳಿ.

ಬದಿಯಡ್ಕ ಅಕ್ಕ: ಹೇಳ್ತೇನೆ ಮಾವ. ವಿಯೆನ್ನಾದಲ್ಲಿ 1920ರ ದಶಕದಲ್ಲಿ ಓಟೋ ನೊಯ್ರಾಟ್ ಅಂತ ಒಬ್ಬರು ಒಂದು ಕ್ರಮ ತಂದರು. ಲೆಕ್ಕ ಜಾಸ್ತಿಯಾದರೆ ಚಿತ್ರ ದೊಡ್ಡದು ಮಾಡುವುದಲ್ಲ, ಅದೇ ಅಳತೆಯ ಚಿತ್ರ ಸಾಲಾಗಿ ಬರೆಯುವುದು. ಒಂದು ಬಕೆಟಿನ ಚಿತ್ರವನ್ನು ಎರಡು ಪಟ್ಟು ಎತ್ತರ ಮಾಡಿದರೆ ಅಗಲವೂ ಎರಡು ಪಟ್ಟಾಗುತ್ತದೆ, ಜಾಗ ನಾಲ್ಕು ಪಟ್ಟು. ನಮ್ಮಲ್ಲಿ 10 ಲೀಟರಿನ ಬಕೆಟ್ ಎಲ್ಲರ ಮನೆಯಲ್ಲೂ ಇದೆ. ಒಂದು ಕಡೆ ಐದು ಬಕೆಟ್ ನೀರು, ಅದಕ್ಕೆ 1 ಕಿಲೋ ಮೈಲುತುತ್ತು, ನೀಲಿ ಬಣ್ಣ. ಇನ್ನೊಂದು ಕಡೆ ಐದು ಬಕೆಟ್, 1 ಕಿಲೋ ಸುಣ್ಣ, ಬಿಳಿ. ನೀಲಿಯಿಂದ ಬಿಳಿಗೆ ಒಂದೇ ಬಾಣ. ಕಡೆಗೆ ಮದ್ದಿಗೆ ಅದ್ದಿದ ಕತ್ತಿ. ಬೇರೇನೂ ಬೇಡ. ಹಿಂದಿನ ತೋಟದ ಫೋಟೋ, ಹೂಬಳ್ಳಿ, ಏನೂ ಬೇಡ.

ಬೆಂಗಳೂರು ತಮ್ಮ: ಸರಿ, ಇದು ಒಪ್ಪಿದೆ. ಆದರೆ ಮೊದಲನೇ ಮದ್ದು ಮಳೆಗೆ ಮುಂಚೆ, ಎರಡನೆಯದು 40-45 ದಿನಕ್ಕೆ ಅಂತಲೂ ಬೇಕಲ್ಲ?

ಬದಿಯಡ್ಕ ಅಕ್ಕ: ಅದು ನಮಗೆ ಬೇಕಾದ ವಿಷಯ, ಕಲಸುವವರಿಗಲ್ಲ. ಬೇರೆ ಪಟ ಮಾಡುವ. ಒಂದರಲ್ಲೇ ಎಲ್ಲ ತುರುಕಿದರೆ ಯಾವುದೂ ಕಾಣುವುದಿಲ್ಲ.

ಬದಿಯಡ್ಕ ಅಕ್ಕ: (ಕೈಯಲ್ಲಿ ಬರೆದ ಪಟ)

ನೀರ್ಚಾಲು ಚಿಕ್ಕಮ್ಮ: ತೋಟದಲ್ಲಿದ್ದವರಿಗೆ ಈಗಷ್ಟೇ ತೋರಿಸಿದೆ. ಬಕೆಟ್ ಎಣಿಸಿದರು, ಬಾಣವೂ ಸರಿಯಾಗಿ ಹೇಳಿದರು. ಕತ್ತಿ ಯಾಕೆ ಅಂತ ಕೇಳಿದರು.

ಪೆರ್ಲ ಮಾವ: ಮದ್ದಿಗೆ ಅದ್ದಿದಾಗ ಕತ್ತಿ ಕೆಂಪಾದರೆ ಸುಣ್ಣ ಸಾಲದು ಅಂತ. ಬಾಯಲ್ಲಿ ಹೇಳಿದರೆ ಆಯ್ತು.

ಬದಿಯಡ್ಕ ಅಕ್ಕ: ಇಲ್ಲ ಮಾವ, ಕೇಳಿದರು ಅಂದ್ರೆ ಚಿತ್ರದಲ್ಲಿ ಅದು ಇಲ್ಲ. ಎರಡು ಕತ್ತಿ ಬರೆಯುತ್ತೇನೆ. ಹೊಳೆಯುವ ಕತ್ತಿ ಒಂದು, ಅದರ ಪಕ್ಕ ಸ್ಪ್ರೇಯರ್. ಕೆಂಪಾದ ಕತ್ತಿ ಇನ್ನೊಂದು, ಅದರ ಪಕ್ಕ ಸುಣ್ಣ. ಚಿಕ್ಕಮ್ಮ, ನಾಳೆ ಇನ್ನೊಮ್ಮೆ ತೋರಿಸ್ತೀರಾ?