ಸರ ಕಸಿದ ಪ್ರಕರಣ ಮತ್ತು ಎರಡನೇ ಅಡ್ಡರಸ್ತೆಯ ತಿರುವು: ಬೀಟ್ ಪೊಲೀಸರೊಂದಿಗೆ ಭಾನುವಾರದ ಸಭೆ

ಸಂಚಾಲಕರು

ಮಂಗಳೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಎಲ್ಲ ಸದಸ್ಯರ ಗಮನಕ್ಕೆ. ಮಂಗಳವಾರ ಬೆಳಿಗ್ಗೆ ಹಾಲು ತೆಗೆದುಕೊಂಡು ಮನೆಗೆ ಮರಳುತ್ತಿದ್ದ ನಮ್ಮ ಎರಡನೇ ಅಡ್ಡರಸ್ತೆಯ ಹಿರಿಯ ಮಹಿಳೆಯೊಬ್ಬರನ್ನು ಸ್ಕೂಟರ್‌ನಲ್ಲಿ ಬಂದ ಇಬ್ಬರು ವಿಳಾಸ ಕೇಳುವ ನೆಪದಲ್ಲಿ ತಡೆದು, ಕೊರಳಿನ ಕರಿಮಣಿ ಸರಕ್ಕೆ ಕೈಹಾಕಿದ್ದು ಎಲ್ಲರಿಗೂ ತಿಳಿದಿದೆ. ಅವರು ಸರವನ್ನು ಎರಡೂ ಕೈಗಳಿಂದ ಬಿಗಿಹಿಡಿದು ಕೂಗಿಕೊಂಡಿದ್ದರಿಂದ ಹೆಚ್ಚಿನ ಭಾಗ ಅವರಲ್ಲೇ ಉಳಿಯಿತು. ಆದರೆ ಚರಂಡಿಯ ಚಪ್ಪಡಿಯ ಮೇಲೆ ಬಿದ್ದು ಮೊಣಕೈಗೆ ಪೆಟ್ಟಾಗಿದೆ, ಕುತ್ತಿಗೆಯ ಬಲಬದಿಯಲ್ಲಿ ಸರ ಎಳೆದ ಗೆರೆ ಇನ್ನೂ ಕೆಂಪಾಗಿಯೇ ಇದೆ. ಗುರುವಾರ ಸಂಜೆ ಅದೇ ಜಾಗದಲ್ಲಿ, ಅಂದರೆ ಎರಡನೇ ಅಡ್ಡರಸ್ತೆಯ ತಿರುವಿನಲ್ಲಿ, ನಂತೂರು ವೃತ್ತದ ವಾಹನಗಳ ಸಾಲನ್ನು ತಪ್ಪಿಸಲು ನಮ್ಮ ಬಡಾವಣೆಯೊಳಗೆ ನುಗ್ಗಿದ ಕಾರೊಂದು ಶಾಲೆಯಿಂದ ಬರುತ್ತಿದ್ದ ಹುಡುಗನ ಸೈಕಲ್‌ಗೆ ತಾಗಿ ನಿಲ್ಲದೆ ಹೋಗಿದೆ. ಹುಡುಗನಿಗೆ ದೊಡ್ಡ ಗಾಯವಾಗಿಲ್ಲ.

ಈ ಎರಡು ಘಟನೆಗಳನ್ನು ಬೇರೆ ಬೇರೆಯಾಗಿ ನೋಡಬಾರದೆಂದು ನನ್ನ ಅಭಿಪ್ರಾಯ. ನಾನು ನಿನ್ನೆ ಆ ತಿರುವಿನಲ್ಲಿ ನಿಂತು ನೋಡಿದೆ. ಕೆಂಪುಕಲ್ಲಿನ ಎತ್ತರದ ಕಾಂಪೌಂಡ್ ರಸ್ತೆಯ ಅಂಚಿನವರೆಗೂ ಬಂದಿದೆ, ಅದರ ಮೇಲಿನಿಂದ ಕಾಗದದ ಹೂವಿನ ಬಳ್ಳಿ ರಸ್ತೆಯತ್ತ ಇಳಿಬಿದ್ದಿದೆ, ದಾರಿದೀಪ ಮಳೆಗಾಲದಿಂದಲೂ ಉರಿಯುತ್ತಿಲ್ಲ. ಎದುರಿನಿಂದ ಬರುವವರು ವಾಹನದವರಿಗೆ ಕಾಣುವುದಿಲ್ಲ, ಅಲ್ಲಿ ಯಾರು ನಿಂತಿದ್ದಾರೆಂಬುದು ಮನೆಗಳವರಿಗೂ ಕಾಣುವುದಿಲ್ಲ. ವೇಗವಾಗಿ ಬಂದವನಿಗೂ ಹೊಂಚು ಹಾಕಿದವನಿಗೂ ಅನುಕೂಲ ಮಾಡಿಕೊಡುವುದು ಒಂದೇ ಜಾಗ.

ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣಕ್ಕೆ ನಮ್ಮ ಬೀಟ್‌ನ (ನಮ್ಮ ಪ್ರದೇಶದ ಗಸ್ತಿನ) ಪೊಲೀಸ್ ಸಿಬ್ಬಂದಿ ಬರುತ್ತಾರೆ, ಸಂಚಾರ ಠಾಣೆಯ ಅಧಿಕಾರಿಯೊಬ್ಬರೂ ಬರಲು ಒಪ್ಪಿದ್ದಾರೆ. ಆ ಸಭೆ ದೂರುಗಳ ಸುರಿಮಳೆಯಾಗಿ ಮುಗಿಯಬಾರದು. ಏನನ್ನು ಕೇಳಬೇಕು, ನಾವು ಏನನ್ನು ಮಾಡಿಕೊಡಬೇಕು ಎಂಬುದನ್ನು ಇಲ್ಲಿಯೇ ತೀರ್ಮಾನಿಸೋಣ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ

ಮಂಗಳವಾರ ಘಟನೆ ನಡೆದ ಕೂಡಲೇ ಈ ಗುಂಪಿನಲ್ಲಿ ಸಂದೇಶಗಳು ಹರಿದುಬಂದವು. ಸ್ಕೂಟರಿನ ಬಣ್ಣದ ಬಗ್ಗೆ, ಅವರು ಹೋದ ದಿಕ್ಕಿನ ಬಗ್ಗೆ ಚರ್ಚೆಯೂ ನಡೆಯಿತು. ಆದರೆ ತುರ್ತು ಸಹಾಯದ ಸಂಖ್ಯೆ 112ಕ್ಕೆ ಮೊದಲ ಕರೆ ಹೋದದ್ದು ಅದೆಲ್ಲ ಮುಗಿದ ಮೇಲೆ ಎಂದು ತಿಳಿದು ನನಗೆ ಬಹಳ ಬೇಸರವಾಯಿತು. 112ಕ್ಕೆ ಕರೆ ಮಾಡಿದರೆ ಅದು ದಾಖಲಾಗುತ್ತದೆ ಮತ್ತು ಹತ್ತಿರದ ಗಸ್ತು ವಾಹನಕ್ಕೆ ಆಗಲೇ ಸೂಚನೆ ಹೋಗುತ್ತದೆ. ಸ್ಕೂಟರ್ ಪದವು ಕಡೆಗೆ ಹೋಯಿತೋ ಬಿಕರ್ನಕಟ್ಟೆ ಕಡೆಗೆ ಹೋಯಿತೋ ಎಂಬ ಮಾಹಿತಿಗೆ ಬೆಲೆಯಿರುವುದು ಆ ಮೊದಲ ಕೆಲವು ನಿಮಿಷಗಳಲ್ಲಿ ಮಾತ್ರ.

2024ರ ಜುಲೈನಲ್ಲಿ ನಮ್ಮ ನಗರದ ಕೋಟೆಕಣಿಯಲ್ಲಿ ವೃದ್ಧ ದಂಪತಿಯ ಮನೆಗೆ ನುಗ್ಗಿ ದರೋಡೆ ಮಾಡಿದವರು ಅವರದೇ ಕಾರಿನಲ್ಲಿ ಪರಾರಿಯಾಗಿ, ಕಾರನ್ನು ಮೂಲ್ಕಿಯಲ್ಲಿ ಬಿಟ್ಟು ಬಸ್ಸು ಹತ್ತಿದ್ದರು. ಅದೇ ದಿನ ಅವರು ಸಕಲೇಶಪುರದಲ್ಲಿ ಸಿಕ್ಕಿಬಿದ್ದರು. ಒಂದು ಊರಿನ ಮಾಹಿತಿ ಇನ್ನೊಂದು ಊರಿಗೆ ಹೊತ್ತು ಮೀರುವ ಮೊದಲೇ ತಲುಪಿದ್ದರಿಂದ ಅದು ಸಾಧ್ಯವಾಯಿತು. ಆದ್ದರಿಂದ ಇನ್ನು ಮುಂದೆ ಮೊದಲು 112, ಬಳಿಕ ಈ ಗುಂಪು ಎಂಬ ಕ್ರಮವನ್ನು ಎಲ್ಲರೂ ಪಾಲಿಸಬೇಕೆಂದು ವಿನಂತಿಸುತ್ತೇನೆ.

ಎರಡನೇ ಅಡ್ಡರಸ್ತೆ (ಗಾಯಗೊಂಡವರ ಮಗಳು)

ಅಮ್ಮನ ಆರೋಗ್ಯ ವಿಚಾರಿಸಿದ ಎಲ್ಲರಿಗೂ ಕೃತಜ್ಞತೆಗಳು. ಅವರು ಚೇತರಿಸಿಕೊಳ್ಳುತ್ತಿದ್ದಾರೆ, ಆದರೆ ಹಾಲಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಲಿಖಿತ ದೂರು ಕೊಡಲು ಅವರಿಗೆ ಮನಸ್ಸಿಲ್ಲ. ಠಾಣೆಗೆ ಅಲೆಯಬೇಕಾಗುತ್ತದೆ, ಆ ಮುಖಗಳನ್ನು ಮತ್ತೆ ನೋಡಬೇಕಾಗುತ್ತದೆ, ಹೋದದ್ದು ಸಣ್ಣ ತುಂಡು ತಾನೇ ಎನ್ನುತ್ತಾರೆ. ಅವರನ್ನು ಒತ್ತಾಯಿಸಲು ನನಗೂ ಕಷ್ಟವಾಗುತ್ತಿದೆ.

ಐದನೇ ಅಡ್ಡರಸ್ತೆಯ ವಕೀಲರು

ತಾಯಿಯವರ ಹಿಂಜರಿಕೆ ಅರ್ಥವಾಗುತ್ತದೆ. ಅವರಿಗೆ ಈ ಕೆಲವು ವಿಷಯಗಳನ್ನು ದಯವಿಟ್ಟು ತಿಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ, ತನಿಖೆಯ ಹಂತದಲ್ಲಿ ಮಹಿಳೆಯರನ್ನಾಗಲಿ 60 ವರ್ಷ ಮೀರಿದ ಪುರುಷರನ್ನಾಗಲಿ ಸಾಕ್ಷಿಯಾಗಿ ಅವರ ವಾಸಸ್ಥಳವಲ್ಲದೆ ಬೇರೆಡೆಗೆ ಬರುವಂತೆ ಪೊಲೀಸರು ಕಡ್ಡಾಯಪಡಿಸುವಂತಿಲ್ಲ. ಹೇಳಿಕೆ ಪಡೆಯಲು ಅವರೇ ಮನೆಗೆ ಬರಬೇಕು. ದೂರನ್ನು 173ನೇ ಕಲಮಿನಡಿ ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಕಳುಹಿಸಬಹುದು, ಮೂರು ದಿನಗಳೊಳಗೆ ಅದಕ್ಕೆ ಸಹಿ ಹಾಕಿದರೆ ದಾಖಲಾಗುತ್ತದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಬೇಕು, ಮತ್ತು ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು.

ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ ಸರ ಕಸಿಯುವುದಕ್ಕೆ ಪ್ರತ್ಯೇಕ ಕಲಮು ಇರಲಿಲ್ಲ. ಈಗ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಲ್ಲಿ ಅದು ಸ್ವತಂತ್ರ ಅಪರಾಧವಾಗಿದ್ದು, ಮೂರು ವರ್ಷಗಳವರೆಗೆ ಶಿಕ್ಷೆಯಿದೆ. ಇಲ್ಲಿ ಗಾಯವೂ ಆಗಿರುವುದರಿಂದ ಅದಕ್ಕಿಂತ ಗಂಭೀರವಾದ ಸುಲಿಗೆಯ ಕಲಮು ಅನ್ವಯವಾಗುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ವೈದ್ಯರು ಕೊಟ್ಟ ಚೀಟಿಯನ್ನೂ ತುಂಡಾದ ಸರವನ್ನೂ ಜೋಪಾನವಾಗಿಡಿ, ಸರವನ್ನು ಈಗಲೇ ಚಿನ್ನಾಭರಣದ ಅಂಗಡಿಗೆ ಕೊಟ್ಟು ಬೆಸುಗೆ ಹಾಕಿಸಬೇಡಿ. ಹೋದ ಚಿನ್ನದ ತೂಕ ಎಷ್ಟು ಎಂಬುದು ಇಲ್ಲಿ ಮುಖ್ಯವಲ್ಲ. ಅದೇ ಇಬ್ಬರು ಮುಂದೆ ಬೇರೊಂದು ಕಡೆ ಸಿಕ್ಕಿಬಿದ್ದಾಗ ನಮ್ಮ ಬಡಾವಣೆಯ ಘಟನೆ ಅವರ ಮೇಲಿನ ಪ್ರಕರಣಗಳ ಸಾಲಿನಲ್ಲಿ ಸೇರಬೇಕಾದರೆ ಅದು ಕಾಗದದ ಮೇಲೆ ಇರಲೇಬೇಕು.

ಆರನೇ ಅಡ್ಡರಸ್ತೆಯ ನಿವಾಸಿ

ಇಂದು ಬೆಳಿಗ್ಗೆ ಬೆಡ್‌ಶೀಟ್ ಮಾರುವ ಒಬ್ಬ ಯುವಕ ಮನೆ ಮನೆಗೆ ಬರುತ್ತಿದ್ದ. ಕನ್ನಡವಾಗಲಿ ತುಳುವಾಗಲಿ ಅವನಿಗೆ ಬರುವುದಿಲ್ಲ. ನಾನು ಅವನ ಫೋಟೋ ತೆಗೆದು ಗುಂಪಿಗೆ ಹಾಕಿದ್ದೇನೆ, ಎಲ್ಲರೂ ಎಚ್ಚರದಿಂದಿರಿ. ಮತ್ತೆ ಕಂಡರೆ ಹಿಡಿದು ಕೂರಿಸಿ ವಿಚಾರಿಸುವುದು ಒಳ್ಳೆಯದು.

ನಿವೃತ್ತ ಅಧ್ಯಾಪಕಿ, ಮೂರನೇ ಅಡ್ಡರಸ್ತೆ

ಆ ಫೋಟೋವನ್ನು ದಯವಿಟ್ಟು ತೆಗೆದುಹಾಕಿ. ನಿಮ್ಮ ಕಾಳಜಿಯನ್ನು ನಾನು ಪ್ರಶ್ನಿಸುತ್ತಿಲ್ಲ, ಆದರೆ ಆ ಹುಡುಗ ಮಾಡಿದ ತಪ್ಪಾದರೂ ಏನು? ಬಿಸಿಲಿನಲ್ಲಿ ಹೊರೆ ಹೊತ್ತು ಬಂದದ್ದು ಮತ್ತು ನಮ್ಮ ಭಾಷೆ ಬಾರದಿದ್ದದ್ದು ಇವೆರಡೇ. ಸರ ಕಸಿದವರು ಎರಡನೇ ಅಡ್ಡರಸ್ತೆಯ ಆ ಹಿರಿಯ ಮಹಿಳೆಯ ಬಳಿ ಸ್ಪಷ್ಟವಾದ ಕನ್ನಡದಲ್ಲಿ ವಿಳಾಸ ಕೇಳಿದ್ದರೆಂದು ಅವರ ಮಗಳೇ ನನಗೆ ಹೇಳಿದ್ದಾರೆ. ಈ ಚಿತ್ರ ನಮ್ಮ ಗುಂಪಿನಿಂದ ಇನ್ನೊಂದು ಗುಂಪಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಾ "ಸರಗಳ್ಳ" ಎಂಬ ಶೀರ್ಷಿಕೆ ಪಡೆಯಲು ಒಂದು ಸಂಜೆ ಸಾಕು. 2025ರ ಏಪ್ರಿಲ್‌ನಲ್ಲಿ ಇಲ್ಲೇ ಹತ್ತಿರದ ಕುಡುಪುವಿನಲ್ಲಿ ಹೊರಗಿನಿಂದ ಬಂದಿದ್ದ ಒಬ್ಬ ವ್ಯಕ್ತಿ ಗುಂಪಿನ ಹೊಡೆತಕ್ಕೆ ಪ್ರಾಣ ಬಿಟ್ಟದ್ದನ್ನು ನಾವು ಯಾರೂ ಮರೆಯುವಂತಿಲ್ಲ. ಅಂದು ಕೈಯೆತ್ತಿದವರೂ ಯಾವುದೋ ಮನೆಯ ಮಕ್ಕಳೇ.

ಹಿಡಿದು ಕೂರಿಸುವ ಅಧಿಕಾರ ನಮ್ಮ ಸಂಘಕ್ಕಿಲ್ಲ, ಅದನ್ನು ನಾವು ಬಯಸಲೂಬಾರದು. ಸಂಶಯ ಬಂದರೆ ಕಂಡದ್ದನ್ನು ಕಂಡಷ್ಟೇ ಪೊಲೀಸರಿಗೆ ತಿಳಿಸೋಣ: ಯಾವ ಹೊತ್ತಿನಲ್ಲಿ, ಎಲ್ಲಿ, ಯಾವ ನಂಬರಿನ ವಾಹನ, ಏನು ಮಾಡುತ್ತಿದ್ದರು. ಭಾಷೆ, ಉಡುಪು, ಗಡ್ಡ, ಕುಂಕುಮ ಇವು ಯಾವುವೂ ಆ ವಿವರದಲ್ಲಿ ಸೇರುವ ಸಂಗತಿಗಳಲ್ಲ. ಈ ಮಾತನ್ನು ಭಾನುವಾರದ ಸಭೆಯ ನಡಾವಳಿಯಲ್ಲಿ ಬರೆಯಬೇಕೆಂದು ನಾನು ಒತ್ತಾಯಿಸುತ್ತೇನೆ.

ಆರನೇ ಅಡ್ಡರಸ್ತೆಯ ನಿವಾಸಿ

ಫೋಟೋ ತೆಗೆದುಹಾಕಿದ್ದೇನೆ. ತಾವು ಹೇಳಿದ್ದು ಸರಿಯಾಗಿದೆ.

ಸಿಸಿಟಿವಿ ಜವಾಬ್ದಾರಿ ಹೊತ್ತ ಸದಸ್ಯರು

ಬಡಾವಣೆಯಲ್ಲಿ ಕ್ಯಾಮೆರಾ ಇರುವ ಮನೆಗಳಿಗೆ ಹೋಗಿ ಮಂಗಳವಾರದ ದೃಶ್ಯಗಳನ್ನು ಪರಿಶೀಲಿಸಿದೆ. ಒಂದು ಮನೆಯ ಕ್ಯಾಮೆರಾವನ್ನು ತಾರಸಿಯ ಅಂಚಿಗೆ ಕಟ್ಟಿದ್ದಾರೆ. ಅದರಲ್ಲಿ ಎರಡು ಹೆಲ್ಮೆಟ್‌ಗಳ ನೆತ್ತಿ ಕಾಣುತ್ತದೆಯೇ ಹೊರತು ಸ್ಕೂಟರಿನ ನಂಬರ್ ಕಾಣುವುದಿಲ್ಲ. ಇನ್ನೊಂದರಲ್ಲಿ ಸಮಯವೇ ತಪ್ಪಾಗಿದ್ದು, ಬೆಳಗಿನ ದೃಶ್ಯದ ಮೇಲೆ ರಾತ್ರಿಯ ಗಂಟೆ ಬರೆದಿದೆ. ಮೂರನೆಯದು ತನ್ನ ಅಂಗಳವನ್ನು ಬಿಟ್ಟು ಪಕ್ಕದ ಮನೆಯ ಬಾವಿಕಟ್ಟೆಯನ್ನು ನೋಡುತ್ತಿದೆ, ಅದನ್ನು ಕೂಡಲೇ ತಿರುಗಿಸಬೇಕೆಂದು ಮನೆಯವರಲ್ಲಿ ವಿನಂತಿಸಿದ್ದೇನೆ. ನೆರೆಯವರ ಖಾಸಗಿತನಕ್ಕೆ ಧಕ್ಕೆ ತರುವ ಕ್ಯಾಮೆರಾದಿಂದ ಭದ್ರತೆಗಿಂತ ವೈಮನಸ್ಸೇ ಹೆಚ್ಚು. ಅದೃಷ್ಟವಶಾತ್ ತಿರುವಿಗಿಂತ ಆಚೆಗಿನ ಮನೆಯ ಗೇಟಿನ ಕಂಬದಲ್ಲಿ, ಎದೆಮಟ್ಟದಲ್ಲಿರುವ ಕ್ಯಾಮೆರಾದಲ್ಲಿ ನಂಬರ್ ಪ್ಲೇಟಿನ ಒಂದು ಭಾಗ ಸಿಕ್ಕಿದೆ.

ಆ ದೃಶ್ಯವನ್ನು ಗುಂಪಿನಲ್ಲಿ ಹಂಚಿಕೊಳ್ಳುವುದಿಲ್ಲ. ಅದನ್ನು ಮೊಬೈಲಿನಿಂದ ಮೊಬೈಲಿಗೆ ಕಳುಹಿಸಿದರೆ ಗುಣಮಟ್ಟ ಕುಸಿಯುತ್ತದೆ, ಮೂಲ ಯಾವುದೆಂಬ ಪ್ರಶ್ನೆಯೂ ಏಳುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂತಹ ವಿದ್ಯುನ್ಮಾನ ದಾಖಲೆಯ ಜೊತೆ, ಸಾಧನದ ಹೊಣೆ ಹೊತ್ತವರೂ ತಜ್ಞರೊಬ್ಬರೂ ಸಹಿ ಮಾಡಿದ ಪ್ರಮಾಣಪತ್ರವೂ ಬೇಕು. ಡಿವಿಆರ್‌ನ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆಯ) ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಬರೆಯಲ್ಪಡುವುದರಿಂದ ಆ ಭಾಗವನ್ನು ಬೇರೆಯಾಗಿ ಉಳಿಸಿಟ್ಟಿದ್ದೇವೆ. ಪೊಲೀಸರು ಬಂದಾಗ ನೇರವಾಗಿ ಸಾಧನದಿಂದಲೇ ಪಡೆದುಕೊಳ್ಳಲಿ.

ಮೊದಲನೇ ಅಡ್ಡರಸ್ತೆಯ ನಿವಾಸಿ

ರಸ್ತೆಯ ವಿಷಯಕ್ಕೆ ಬರುತ್ತೇನೆ. ಹಂಪ್ ಬೇಕೆಂದು ಹಿಂದೆಯೇ ಅರ್ಜಿ ಕೊಟ್ಟಿದ್ದೆವು, ಯಾವ ಉತ್ತರವೂ ಬಂದಿಲ್ಲ. ಶನಿವಾರ ರಾತ್ರಿ ನಾವೇ ಜಲ್ಲಿ, ಸಿಮೆಂಟ್ ತಂದು ತಿರುವಿನಲ್ಲಿ ಒಂದು ಉಬ್ಬು ಹಾಕಿದರೆ ಏನು ತಪ್ಪು?

ನಿವೃತ್ತ ಸಿವಿಲ್ ಎಂಜಿನಿಯರ್, ನಾಲ್ಕನೇ ಅಡ್ಡರಸ್ತೆ

ಹಾಗೆ ಮಾಡಬಾರದು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದ ಹಂಪ್ ಸುಮಾರು 3.7 ಮೀಟರ್ ಅಗಲವಿದ್ದು, ನಡುವೆ ಕೇವಲ 10 ಸೆಂಟಿಮೀಟರ್ ಎತ್ತರವಿರಬೇಕು. ನಾವು ರಾತ್ರಿ ಹಾಕುವ ಸಿಮೆಂಟಿನ ಉಬ್ಬು ಒಂದಡಿ ಅಗಲದ ಗೋಡೆಯಂತಿರುತ್ತದೆ. ಅದು ಕಾರನ್ನು ನಿಧಾನಗೊಳಿಸುವ ಮೊದಲು ಬೈಕಿನ ಹಿಂಬದಿ ಕುಳಿತವರನ್ನು ನೆಲಕ್ಕೆ ಕೆಡವುತ್ತದೆ. ಮುಂಚಿತವಾಗಿ ಎಚ್ಚರಿಸುವ ಫಲಕವಿಲ್ಲದೆ, ಬಣ್ಣದ ಪಟ್ಟಿಗಳಿಲ್ಲದೆ, ದೀಪವೂ ಉರಿಯದ ಆ ತಿರುವಿನಲ್ಲಿ, ಕರಾವಳಿಯ ಮಳೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಯಾರಾದರೂ ಬಿದ್ದರೆ ಹೊಣೆ ಸಂಪೂರ್ಣವಾಗಿ ನಮ್ಮದೇ ಆಗುತ್ತದೆ.

ಹಂಪ್ ಹಾಕುವುದು ರಸ್ತೆಯ ಒಡೆತನವಿರುವ ಸಂಸ್ಥೆಯ ಕೆಲಸ, ಪೊಲೀಸರದ್ದಲ್ಲ. ಆದರೆ ಇಲ್ಲಿ ಅಪಾಯವಿದೆಯೆಂದು ಸಂಚಾರ ಪೊಲೀಸರು ಸ್ಥಳ ನೋಡಿ ವರದಿ ಕೊಟ್ಟರೆ ನಮ್ಮ ಅರ್ಜಿಗೆ ತೂಕ ಬರುತ್ತದೆ. ಆದ್ದರಿಂದ ಭಾನುವಾರ ಜಂಟಿ ಸ್ಥಳ ಪರಿಶೀಲನೆಯನ್ನು ಕೇಳೋಣ. ಸೈಕಲ್ಲಿನ ಹುಡುಗನ ಘಟನೆಯನ್ನೂ ಪೊಲೀಸರಲ್ಲಿ ದಾಖಲಿಸಲೇಬೇಕು. ಕೇಂದ್ರ ಸಾರಿಗೆ ಸಚಿವಾಲಯ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ಭಾಗವೊಂದನ್ನು ಬ್ಲ್ಯಾಕ್ ಸ್ಪಾಟ್ (ಪದೇ ಪದೇ ಅಪಘಾತವಾಗುವ ಜಾಗ) ಎಂದು ಗುರುತಿಸುವುದು ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಸಂಭವಿಸಿದ ಮೇಲೆ. ನಮ್ಮ ಒಳರಸ್ತೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ, ಅಷ್ಟು ಸಾವುನೋವು ಆಗುವವರೆಗೆ ಕಾಯುವ ಅಗತ್ಯವೂ ನಮಗಿಲ್ಲ. ಬಳ್ಳಿಯನ್ನು ಕತ್ತರಿಸಲು ಮಾತ್ರ ಯಾರ ಅನುಮತಿಯೂ ಬೇಡ, ಆ ಮನೆಯವರು ಒಪ್ಪಿದರೆ ಸಾಕು.

ಮೊದಲನೇ ಅಡ್ಡರಸ್ತೆಯ ನಿವಾಸಿ

ಒಪ್ಪಿದೆ. ಅದು ನನ್ನ ಚಿಕ್ಕಪ್ಪನ ಮನೆ. ನಾಳೆಯೇ ಬಳ್ಳಿಯನ್ನು ಕಡಿಸುತ್ತೇನೆ.

ನಿವೃತ್ತ ಅಧ್ಯಾಪಕಿ, ಮೂರನೇ ಅಡ್ಡರಸ್ತೆ

ಹೊರಗಿನ ವಾಹನಗಳ ವೇಗದ ಬಗ್ಗೆ ಎಲ್ಲರೂ ಬರೆದಿದ್ದೀರಿ. ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಒಂದು ಸ್ಕೂಟರಿನಲ್ಲಿ ಮೂವರು ಕುಳಿತು ಅದೇ ತಿರುವಿನಲ್ಲಿ ಹಾರ್ನ್ ಹಾಕಿಕೊಂಡು ಹೋಗುವ ಮಕ್ಕಳು ನಮ್ಮದೇ ಬಡಾವಣೆಯವರು. ಅವರಲ್ಲಿ ಹಲವರಿಗೆ ಹದಿನೆಂಟು ತುಂಬಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಸಿನ ಮಗು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿಯೂ ಸಿಗುವುದಿಲ್ಲ. ಸಂಚಾರ ಪೊಲೀಸರನ್ನು ನಾವೇ ಕರೆಸಿ ತಪಾಸಣೆ ಮಾಡಿ ಎಂದು ಕೇಳುತ್ತಿದ್ದೇವೆ. ಅವರು ಮೊದಲ ದಿನವೇ ನಮ್ಮ ಮಗುವನ್ನು ತಡೆದರೆ ಯಾರೂ ಶಿಫಾರಸಿಗೆ ಫೋನ್ ಮಾಡಬಾರದು. ಇದಕ್ಕೆ ಎಲ್ಲರೂ ಒಪ್ಪಿದರೆ ಮಾತ್ರ ತಪಾಸಣೆ ಕೇಳುವ ನೈತಿಕ ಹಕ್ಕು ನಮಗಿದೆ.

ಐದನೇ ಅಡ್ಡರಸ್ತೆಯ ವಕೀಲರು

ಸಂಪೂರ್ಣ ಒಪ್ಪಿಗೆ. ಇನ್ನೊಂದು ಮಾತು: ಗುರುವಾರ ಹುಡುಗನನ್ನು ಎತ್ತಲು ಇಬ್ಬರು ದಾರಿಹೋಕರು ಮೊದಲು ಹಿಂಜರಿದರೆಂದು ಕೇಳಿದೆ. ಅಪಘಾತದಲ್ಲಿ ನೆರವಾದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ, ಹೆಸರು ಹೇಳುವಂತೆಯೂ ಒತ್ತಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಈ ರಕ್ಷಣೆ ಕೊಡುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆಯೂ 2025ರಲ್ಲಿ ಜಾರಿಗೆ ಬಂದಿದೆ.

ಆರನೇ ಅಡ್ಡರಸ್ತೆಯ ನಿವಾಸಿ

ಮನೆಗೆ ಬೀಗ ಹಾಕಿ ಊರಿನ ದೈವದ ನೇಮಕ್ಕೋ ಮದುವೆಗೋ ಹೋಗುವವರು, ಗಲ್ಫ್‌ನಲ್ಲಿರುವ ಮಕ್ಕಳ ಬಳಿಗೆ ತಿಂಗಳುಗಟ್ಟಲೆ ತೆರಳುವವರು ಅದನ್ನು ಈ ಗುಂಪಿನಲ್ಲಿ ಚಿತ್ರಸಹಿತ ಪ್ರಕಟಿಸುವ ಬದಲು ಬೀಟ್ ಸಿಬ್ಬಂದಿಗೆ ಮತ್ತು ಪಕ್ಕದ ಮನೆಗೆ ತಿಳಿಸುವುದು ಒಳಿತು. ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನು ನಾನು ಸಿದ್ಧಪಡಿಸಬಲ್ಲೆ. ಅದು ಸಂಚಾಲಕರ ಮತ್ತು ಪೊಲೀಸರ ಬಳಿ ಮಾತ್ರ ಇರಲಿ.

ಸಂಚಾಲಕರು

ಪಟ್ಟಿಯ ಹೊಣೆಯನ್ನು ತಾವೇ ವಹಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಹೆಸರು ಸೇರಿಸುವ ಮೊದಲು ಪ್ರತಿಯೊಬ್ಬ ಹಿರಿಯರ ಒಪ್ಪಿಗೆ ಪಡೆಯಿರಿ. ರಾಜ್ಯದಲ್ಲಿ 2025ರಲ್ಲಿ ಆರಂಭವಾದ "ಮನೆ ಮನೆಗೆ ಪೊಲೀಸ್" ಕಾರ್ಯಕ್ರಮದಡಿ ಬೀಟ್ ಸಿಬ್ಬಂದಿ ಮನೆಗಳಿಗೆ ಭೇಟಿ ಕೊಟ್ಟು ಅಹವಾಲು ಕೇಳುತ್ತಾರೆ. ನಮ್ಮಲ್ಲಿ ಆ ಭೇಟಿಯನ್ನು ಒಂಟಿ ಹಿರಿಯರ ಮನೆಗಳಿಂದಲೇ ಆರಂಭಿಸಿ ಎಂದು ಕೇಳೋಣ.

ಸಭೆಯಲ್ಲಿ ನಾವು ಮಂಡಿಸುವುದು ಇಷ್ಟು. ಬೆಳಿಗ್ಗೆ ಹಾಲಿನ ಹೊತ್ತಿನಲ್ಲಿ ಮತ್ತು ಸಂಜೆ ಶಾಲೆ ಬಿಡುವ ಹೊತ್ತಿನಲ್ಲಿ ಗಸ್ತು ಬೇಕು, ತಿರುವಿನ ಜಂಟಿ ಪರಿಶೀಲನೆ ಆಗಬೇಕು, ಒಳರಸ್ತೆಯಲ್ಲಿ ಆಗಾಗ ವಾಹನ ತಪಾಸಣೆ ನಡೆಯಬೇಕು. ನಮ್ಮ ಕಡೆಯಿಂದ ದೃಶ್ಯದ ಮೂಲಪ್ರತಿ ಮತ್ತು ಪ್ರಮಾಣಪತ್ರವನ್ನು ಕೊಡುತ್ತೇವೆ, ದಾರಿದೀಪದ ಕಂಬದ ಸಂಖ್ಯೆಯೊಂದಿಗೆ ಹೊಸ ಅರ್ಜಿ ಹಾಕಿ ಸ್ವೀಕೃತಿ ಪಡೆಯುತ್ತೇವೆ, ತಪಾಸಣೆಯಲ್ಲಿ ಯಾರ ಪರವಾಗಿಯೂ ಮಾತನಾಡುವುದಿಲ್ಲ. ಕ್ಯಾಮೆರಾ ಇರುವವರು ಇಂದೇ ಅದರ ಗಡಿಯಾರವನ್ನು ಸರಿಪಡಿಸಿ.

ಎರಡನೇ ಅಡ್ಡರಸ್ತೆ (ಗಾಯಗೊಂಡವರ ಮಗಳು)

ವಕೀಲರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಪೊಲೀಸರು ಮನೆಗೇ ಬರುವುದಾದರೆ ಹೇಳಿಕೆ ಕೊಡುವುದಾಗಿ ಒಪ್ಪಿದ್ದಾರೆ. ಮಹಿಳಾ ಸಿಬ್ಬಂದಿಯೊಬ್ಬರು ಜೊತೆಗಿದ್ದರೆ ಒಳ್ಳೆಯದೆನ್ನುತ್ತಾರೆ, ದಯವಿಟ್ಟು ಅದನ್ನೂ ಕೇಳಿಕೊಳ್ಳಿ.

ಸಂಚಾಲಕರು

ಈಗಷ್ಟೇ ಠಾಣೆಗೆ ಕರೆ ಮಾಡಿ ವಿನಂತಿಸಿದ್ದೇನೆ. ಇಂದು ಸಂಜೆ ಮಹಿಳಾ ಸಿಬ್ಬಂದಿಯೊಂದಿಗೆ ನಿಮ್ಮ ಮನೆಗೆ ಬರುತ್ತಾರೆ. ತುಂಡಾದ ಸರ, ವೈದ್ಯರ ಚೀಟಿ ಎರಡನ್ನೂ ತೆಗೆದಿಡಿ. ವಕೀಲರು ಆ ಹೊತ್ತಿಗೆ ಅಲ್ಲಿರಲು ಒಪ್ಪಿದ್ದಾರೆ.