ಸಿಬಿಡಿಗಾಗಿ ಹೆಂಪ್: ಭೋರ್‌ನ ಎರಡು ಎಕರೆಯಲ್ಲಿ ಬೆಳೆಯಬಹುದೇ?

ಕಾತ್ರಜ್ ಕನ್ನಡಿಗ:
ನಮಸ್ಕಾರ. ಪುಣೆಯಲ್ಲಿ ನೆಲೆಸಿರುವ ನನಗೆ ಭೋರ್ ತಾಲೂಕಿನಲ್ಲಿ ಎರಡು ಎಕರೆ ಜಮೀನಿದ್ದು, ಭತ್ತದಿಂದ ಕೈಗೆ ಹತ್ತುವುದು ಅಷ್ಟಕ್ಕಷ್ಟೆ. ಸಿಬಿಡಿ (ಅಮಲು ತರದ ಒಂದು ಅಂಶ) ಎಣ್ಣೆಗಾಗಿ ಗಾಂಜಾ ಜಾತಿಯ ಹೆಂಪ್ ಬೆಳೆಯಿರಿ, ಬೀಜವನ್ನೂ ಕೊಟ್ಟು ಹೂವನ್ನೂ ತಾನೇ ಕೊಳ್ಳುತ್ತೇನೆಂದು ಒಬ್ಬ ದಲ್ಲಾಳಿ ಬೆನ್ನುಹತ್ತಿದ್ದಾನೆ. ಅಮಲು ತರುವ ಟಿಎಚ್‌ಸಿ ಶೇ 0.3ಕ್ಕಿಂತ ಕಡಿಮೆಯಿರುವ ತಳಿಗೆ ಪರವಾನಗಿಯೇ ಬೇಡವೆನ್ನುತ್ತಾನೆ. ಇದು ನಿಜವೇ?

ಶಿವಾಜಿನಗರದ ವಕೀಲ:
ನಿಜವಲ್ಲ. 1985ರ ಮಾದಕವಸ್ತು ನಿಯಂತ್ರಣ (ಎನ್‌ಡಿಪಿಎಸ್) ಕಾಯ್ದೆಯು ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿಗಳನ್ನೇ ಗಾಂಜಾ ಎನ್ನುತ್ತದೆಯೇ ಹೊರತು, ಅದರಲ್ಲಿ ಟಿಎಚ್‌ಸಿ ಎಷ್ಟಿದೆಯೆಂದು ಕೇಳುವುದಿಲ್ಲ. ಸಿಬಿಡಿ ಹೆಚ್ಚಾಗಿ ಸೇರುವುದೂ ಅದೇ ತುದಿಗಳಲ್ಲಿ. ಶೇ 0.3ರ ಮಾತು ಉತ್ತರಾಖಂಡದ್ದು. ಆ ರಾಜ್ಯ 2018ರಲ್ಲಿ ಮೊದಲ ಪರವಾನಗಿ ಕೊಟ್ಟಿತು; ಕಾಯ್ದೆಯ 14ನೇ ಕಲಮು ಅಂಥ ಕೈಗಾರಿಕಾ ಬೇಸಾಯಕ್ಕೆ ಅವಕಾಶ ಕೊಡುವುದು ನಾರು ಮತ್ತು ಬೀಜಕ್ಕಷ್ಟೇ. ಪರವಾನಗಿಯಿಲ್ಲದೆ ಬೆಳೆದರೆ 20ನೇ ಕಲಮಿನಡಿ ಹತ್ತು ವರ್ಷಗಳವರೆಗಿನ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಹೆಂಪ್ ಬೀಜ, ಬೀಜದೆಣ್ಣೆ, ಹಿಟ್ಟುಗಳನ್ನು 2021ರಲ್ಲಿ ಆಹಾರವೆಂದು ಒಪ್ಪಿದ್ದನ್ನೇ ಬೇಸಾಯದ ಅನುಮತಿಯೆಂದು ಹೇಳಿ ನಂಬಿಸುವವರಿದ್ದಾರೆ. ಮೊದಲು ಸಿಕ್ಕಿಬೀಳುವುದು ಸಾತ್‌ಬಾರಾ ಉತಾರೆಯಲ್ಲಿ (ಮಹಾರಾಷ್ಟ್ರದ ಪಹಣಿ) ಹೆಸರಿರುವವರೇ, ದಲ್ಲಾಳಿಯಲ್ಲ.

ನಿವೃತ್ತ ಕೃಷಿ ಅಧಿಕಾರಿ:
ವಕೀಲರು ಹೇಳಿದ್ದು ಸರಿ. ಕಾನೂನು ಅಡ್ಡಬರದಿದ್ದರೂ ನಾನು ಬೇಡವೆನ್ನುತ್ತಿದ್ದೆ. ಹಗಲು ಕುಗ್ಗಿದಾಗ ಹೂಬಿಡುವ ಗಿಡವಿದು. ಯುರೋಪಿನ ಹದಿನಾರು ಗಂಟೆಯ ಬೇಸಿಗೆ ಹಗಲಿಗೆ ಒಗ್ಗಿದ ತಳಿಯನ್ನು, ಅತಿ ದೀರ್ಘ ಹಗಲೂ ಹದಿಮೂರು ಗಂಟೆಯ ಆಸುಪಾಸಿನಲ್ಲಿರುವ ನಮ್ಮ ಸೀಮೆಗೆ ತಂದರೆ, ಮೊಣಕಾಲುದ್ದ ಏಳುವಷ್ಟರಲ್ಲೇ ಹೂಕಟ್ಟಿ ನಿಂತುಬಿಡುತ್ತದೆ. ಜೊತೆಗೆ, ಸಿಬಿಡಿ ಏರಿದಂತೆ ಟಿಎಚ್‌ಸಿಯೂ ಏರುವುದರಿಂದ ಕೊಯ್ಲು ಒಂದೆರಡು ವಾರ ತಡವಾದರೂ ಆ 0.3ರ ಗೆರೆ ದಾಟೀತು. ಭೋರ್‌ನ ಮಳೆಯಲ್ಲಿ ಒತ್ತಾದ ಹೂಗೊಂಚಲಿಗೆ ಬೂಷ್ಟು ಹಿಡಿಯುವುದಂತೂ ಬೇರೆ ಮಾತು.

ಇನ್ನೊಂದು ವಿಷಯ: ಸನ್ ಹೆಂಪ್ ಎನ್ನುವುದು ಬೇರೆಯೇ ಗಿಡ, ಹಸಿರು ಗೊಬ್ಬರಕ್ಕೆ ಬೆಳೆಯುವ ನಮ್ಮ ಸೆಣಬು, ಮರಾಠಿಯ ತಾಗ್. ಅದಕ್ಕೆ ಯಾವ ಪರವಾನಗಿಯೂ ಬೇಡ. ದಲ್ಲಾಳಿ ಕೊಟ್ಟ ಬೀಜ ಯಾವುದೆಂದು ಮೊದಲು ನೋಡಿರಿ. ಸೆಣಬಿನದು ಮೂತ್ರಪಿಂಡದ ಆಕಾರದಲ್ಲಿ ಕಪ್ಪಗಿರುತ್ತದೆ.

ಕಾತ್ರಜ್ ಕನ್ನಡಿಗ:
ಪೊಟ್ಟಣ ಬಿಚ್ಚಿ ಅಂಗೈ ಮೇಲೆ ಸುರಿದು ನೋಡಿದೆ. ದುಂಡಗೆ, ಬೂದು ಬಣ್ಣ, ಮೇಲೆ ಬಲೆಯಂಥ ಸಣ್ಣ ಗೆರೆಗಳಿವೆ. ನಾಳೆಯೇ ಹಿಂದಿರುಗಿಸುತ್ತೇನೆ. ಭತ್ತದ ನಾಟಿಗೆ ಮೊದಲು ಸೆಣಬು ಬಿತ್ತಿದರೆ ಎಷ್ಟು ದಿನಕ್ಕೆ ಅದನ್ನು ಮಣ್ಣಿಗೆ ಸೇರಿಸಿ ಉಳಬೇಕು, ಸರ್?

ನಿವೃತ್ತ ಕೃಷಿ ಅಧಿಕಾರಿ:
ನಲವತ್ತೈದು ದಿನಗಳ ಸುಮಾರಿಗೆ, ಹೂ ಕಾಣತೊಡಗಿದಾಗ. ಬಿಟ್ಟರೆ ಕಾಂಡ ನಾರಾಗಿ ಬೇಗ ಕೊಳೆಯುವುದಿಲ್ಲ.